ಹಿಂದಿನ ಚಕ್ರವಿಲ್ಲದ ಆಯುಧಪೂಜೆ

ದ್ವಾರಕನಾಥನ ಕಾರು ಕಿರ್ ಎನ್ನಲು ಶುರುಮಾಡಿ ಮೂರು ವಾರವಾಗಿತ್ತು. ಅವನು ಹಾಡು ಜೋರು ಮಾಡಿಕೊಂಡು ಓಡಿಸುತ್ತಿದ್ದ. ಆದರೆ ಮೈಸೂರಿನಿಂದ ಬಂದಿದ್ದ ಅತ್ತೆ ಸತ್ಯವತಿಯವರು ಮುಂದಿನ ಸೀಟಿನಲ್ಲಿ ಕೂತಿದ್ದ ಆ ಭಾನುವಾರ, ಸೆಂಬವಾಂಗಿನ ಸಿಗ್ನಲ್ ಹತ್ತಿರ ಅದು ಮಾಡಿದ ಕಿರ್ ಇದೆಯಲ್ಲ, ಅದಕ್ಕೆ ಬಸ್ ಸ್ಟಾಪಿನಲ್ಲಿದ್ದವರೆಲ್ಲ ಫೋನಿನಿಂದ ತಲೆ ಎತ್ತಿದರು. ಸಿಂಗಪುರದ ಬಸ್ ಸ್ಟಾಪಿನಲ್ಲಿ ಜನ ಫೋನಿನಿಂದ ತಲೆ ಎತ್ತಬೇಕಾದರೆ ಸಾಮಾನ್ಯ ಸದ್ದು ಸಾಲದು.

ಅತ್ತೆ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇದೆ ಎಂಬಂತೆ ನೆಲವನ್ನು ಒತ್ತಿಕೊಂಡು ಕೂತಿದ್ದರು.

"ಅಳಿಯಂದ್ರೇ, ಏನದು?"

"ಏನಿಲ್ಲ ಅತ್ತೆ, ಬ್ರೇಕ್ ಪ್ಯಾಡ್ ಸ್ವಲ್ಪ ಸವೆದಿದೆ. ಅದೂ ಹಿಂದಿನದು ಅಷ್ಟೆ."

"ಹಿಂದಿನದು ಅಷ್ಟೆ," ಎಂದು ಅತ್ತೆ ಮೆಲ್ಲಗೆ ಪುನರುಚ್ಚರಿಸಿದರು. ಆಮೇಲೆ ಮನೆ ಮುಟ್ಟುವವರೆಗೆ ಹಿಡಿ ಬಿಡಲಿಲ್ಲ.

ಅವತ್ತು ಸಂಜೆ ದೊಡ್ಡ ಮಗಳು ರಜನಿ ಮತ್ತು ದೊಡ್ಡ ಅಳಿಯ ಗೋಪಿನಾಥನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅತ್ತೆ ತೀರ್ಪು ಕೊಟ್ಟರು: "ವಿಜಯದಶಮಿ ದಿನ ಏರ್‌ಪೋರ್ಟಿಗೆ ನಾನು ಗೋಪಿನಾಥ್ ಅವರ ಕಾರಲ್ಲಿ ಹೋಗ್ತೀನಿ."

ಕೇಳಲು ಇದು ಒಂದು ವಾಕ್ಯ. ಆದರೆ ಹನ್ನೊಂದು ವರ್ಷದ ಅಳಿಯತನದ ಮೇಲೆ ಬಿದ್ದ ಕಲ್ಲು. ಗೋಪಿನಾಥ ಟುವಾಸಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರು. ಅವನು ಮಳೆ ಬರುತ್ತದೆ ಎಂದರೆ ಅತ್ತೆ ಬಟ್ಟೆ ಒಳಗೆ ತರುತ್ತಿದ್ದರು. ದ್ವಾರಕನಾಥ ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವವನು. ಅವನು ಮಳೆ ಬರುತ್ತದೆ ಎಂದರೆ ಅತ್ತೆ ಗೋಪಿನಾಥನಿಗೆ ಫೋನ್ ಮಾಡುತ್ತಿದ್ದರು. ಒಮ್ಮೆ ದ್ವಾರಕನಾಥ ಅತ್ತೆಗೆ ಮೈಸೂರಿನಿಂದ ತಿರುಪತಿಗೆ ರೈಲು ಟಿಕೆಟ್ ಬುಕ್ ಮಾಡಿಕೊಟ್ಟಿದ್ದ. ತಾರೀಕು ಸರಿಯಾಗಿತ್ತು, ತಿಂಗಳು ಮಾತ್ರ ಬೇರೆಯಾಗಿತ್ತು. ಅತ್ತೆ ಇಡ್ಲಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೋಗಿ ಇಡ್ಲಿ ತಿಂದುಕೊಂಡು ವಾಪಸ್ ಬಂದಿದ್ದರು. ಅದನ್ನು ಅವರು ಒಂದು ದಿನವೂ ಆಡಿ ತೋರಿಸಲಿಲ್ಲ. ಆಡಿ ತೋರಿಸಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಅತ್ತೆ," ಎಂದ ದ್ವಾರಕನಾಥ, ಹಪ್ಪಳ ಹಿಡಿದ ಕೈಯನ್ನೇ ಮೇಲೆತ್ತಿ, "ಹೊಸ ಬ್ರೇಕ್ ನಾನೇ ಹಾಕ್ತೀನಿ. ನನ್ನ ಕೈಯಾರೆ. ಮನೇಲೇ. ನಿಮ್ಮನ್ನ ಏರ್‌ಪೋರ್ಟಿಗೆ ಬಿಡೋದು ನಾನೇ."

ಹೆಂಡತಿ ಭಾನುಮತಿ ಗಂಡನ ಕೈಯಲ್ಲಿದ್ದ ಹಪ್ಪಳವನ್ನು ತೆಗೆದು ತಟ್ಟೆಯಲ್ಲಿಟ್ಟಳು.

"ಕೈಯಾರೆ ಯಾಕಪ್ಪಾ ದ್ವಾರಕಾ?" ಎಂದ ಗೋಪಿನಾಥ, ಬಹಳ ಪ್ರೀತಿಯಿಂದ. "ಮೆಕ್ಯಾನಿಕಲ್ ಇಂಜಿನಿಯರ್ ಆಗಿ ನಾನೇ ವರ್ಕ್‌ಶಾಪಿಗೆ ಕೊಡ್ತೀನಿ."

ಆ ಪ್ರೀತಿ ಇತ್ತಲ್ಲ, ಅದೇ ದ್ವಾರಕನಾಥನಿಗೆ ತಡೆಯಲಾಗಲಿಲ್ಲ.

ಮುಂದಿನ ಹತ್ತು ದಿನ ಅವನು ನೆಟ್ಟಗೆ ನಿದ್ದೆ ಮಾಡಲಿಲ್ಲ, ಕೂತಲ್ಲಿ ಕೂರಲಿಲ್ಲ. ನಲವತ್ತು ವಿಡಿಯೋ ನೋಡಿದ. ಎಂ.ಆರ್.ಟಿ. ರೈಲಿನಲ್ಲಿ ನಿಂತುಕೊಂಡು ಗಾಳಿಯಲ್ಲೇ ಬೋಲ್ಟು ಬಿಚ್ಚುವುದನ್ನು ಅಭ್ಯಾಸ ಮಾಡಿದ. ಪಕ್ಕದವರು ಸೀಟು ಬಿಟ್ಟುಕೊಟ್ಟರು. ಐವತ್ತಾರು ಹಂತಗಳ ಪಟ್ಟಿ ಮಾಡಿ, ಪ್ರತಿ ಹಂತಕ್ಕೂ ತಪ್ಪಿದರೆ ಏನು ಮಾಡಬೇಕು ಎಂಬ ಕಾಲಂ ಹಾಕಿದ. ಹನ್ನೆರಡನೆಯ ಹಂತದಲ್ಲಿ ಕೆಂಪಕ್ಷರದಲ್ಲಿ ಬರೆದಿದ್ದ: ಪ್ಯಾಡಿಗೆ ಎಣ್ಣೆ, ಜಿಡ್ಡು ತಗುಲಕೂಡದು. ತಗುಲಿದರೆ ಬ್ರೇಕು ಹಿಡಿಯುವುದಿಲ್ಲ.

ಹೊಸ ಪ್ಯಾಡುಗಳು ಪಾರ್ಸಲ್ಲಿನಲ್ಲಿ ಬಂದವು. ಒಟ್ಟು ನಾಲ್ಕು, ಅಂಗೈಗಿಂತ ಚಿಕ್ಕವು. ಅವನ್ನು ಹಾಲ್‌ನಲ್ಲಿ ಟಿವಿಯ ಕೆಳಗೆ ಇಟ್ಟು, ದಿನಕ್ಕೆರಡು ಸಲ ಪೆಟ್ಟಿಗೆ ತೆರೆದು ಮುಟ್ಟದೆ ನೋಡುತ್ತಿದ್ದ.

ಆಯುಧಪೂಜೆಗೆ ಸಿಂಗಪುರದಲ್ಲಿ ರಜವಿಲ್ಲ. ದ್ವಾರಕನಾಥ ರಜ ಹಾಕಿದ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಕಾರಿನ ಪೂಜೆ ಆಗಬೇಕೆಂದು ಅತ್ತೆಯ ಅಪ್ಪಣೆಯಾಗಿತ್ತು. ಆಯುಧಪೂಜೆಯ ವಿಷಯದಲ್ಲಿ ಅತ್ತೆ ಯಾರ ಮಾತೂ ಕೇಳುವವರಲ್ಲ. ಮಾವನವರು ಮೈಸೂರಿನ ಬಸ್ ಡಿಪೋದಲ್ಲಿದ್ದವರು. ಅವರು ದ್ವಾರಕನಾಥನ ಮದುವೆಗೆ ಮೊದಲೇ ತೀರಿಕೊಂಡಿದ್ದರೂ ಡಿಪೋದ ಪೂಜೆಯ ವೈಭವವನ್ನು ಅವನು ಪ್ರತಿ ವರ್ಷ ಫೋನಿನಲ್ಲಿ ಕೇಳುತ್ತಿದ್ದ. ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನ ಬೆಳಗಿನವರೆಗೆ ಮುಟ್ಟುವಂತಿಲ್ಲ ಎಂಬುದನ್ನೂ ಕೇಳಿದ್ದ. ಆದರೆ ಅದು ಐವತ್ತಾರು ಹಂತಗಳಲ್ಲಿ ಎಲ್ಲೂ ಸೇರಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಎಂಟನೇ ಮಹಡಿಯ ಮನೆಯಿಂದ ಕಾಂಡೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದ. ನಂಬಿದರೆ ನಂಬಿ, ಎಲ್ಲ ಸರಿಯಾಗಿಯೇ ನಡೆಯಿತು. ಈಗಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕೂ ಮೋಟರಿನದೇ. ಅದನ್ನು ಮೊದಲು ರಿಪೇರಿ ಮೋಡಿಗೆ ಹಾಕಬೇಕು, ಹಾಕಿದ. ಕಾರು ಉರುಳದಂತೆ ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟ. ಕಾರಿನ ಹಿಂಭಾಗ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಎರಡು ಚಕ್ರ ಬಿಚ್ಚಿ, ಹಳೆ ಪ್ಯಾಡುಗಳನ್ನು ಹೊರಗೆಳೆದ. ಬಿಸ್ಕತ್ತಿನಷ್ಟು ತೆಳ್ಳಗಾಗಿದ್ದವು. ಹೆಮ್ಮೆಯಿಂದ ಎದೆ ಉಬ್ಬಿ, ಹೊಸ ಪ್ಯಾಡು ತರಲು ಲಿಫ್ಟ್ ಹತ್ತಿದ.

ಟಿವಿಯ ಕೆಳಗೆ ಪೆಟ್ಟಿಗೆ ಇರಲಿಲ್ಲ.

ದೇವರ ಮುಂದೆ ಬಾಳೆಲೆ. ಅದರ ಮೇಲೆ ಈಳಿಗೆಮಣೆ, ಕತ್ತರಿ, ಮಿಕ್ಸಿಯ ಜಾರು, ಅವನ ಆಫೀಸಿನ ಲ್ಯಾಪ್‌ಟಾಪು. ನಟ್ಟನಡುವೆ, ಬೆಳ್ಳಿ ತಟ್ಟೆಯಲ್ಲಿ, ನಾಲ್ಕು ಬ್ರೇಕ್ ಪ್ಯಾಡು. ಒಂದೊಂದಕ್ಕೂ ಗಂಧ, ಅರಿಶಿನ, ರೂಪಾಯಿಯಗಲದ ಕುಂಕುಮ, ಮೇಲೊಂದು ಸೇವಂತಿಗೆ. ಜೊತೆಗೆ ಏನೋ ಹೊಳೆಯುತ್ತಿತ್ತು.

"ಹೊಸ ಆಯುಧ ಅಲ್ವಾ ಅಳಿಯಂದ್ರೇ, ಮೊದಲ ಪೂಜೆ ಅದಕ್ಕೇ," ಎಂದರು ಅತ್ತೆ. "ಕುಂಕುಮ ಅಂಟ್ಲಿಲ್ಲ. ತುಪ್ಪ ಸವರಿದೆ. ಧಾರಾಳವಾಗಿ ಸವರಿದೀನಿ."

ದ್ವಾರಕನಾಥ ಹೆಂಡತಿಯ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದ.

"ಭಾನು! ತುಪ್ಪ!"

"ಏನ್ರೀ, ತುಪ್ಪ ಬೇಕಾ?"

"ಪ್ಯಾಡಿಗೆ ತುಪ್ಪ ಸವರಿದಾರೆ! ಅದು ಇನ್ನು ಹಿಡಿಯಲ್ಲ ಕಣೆ! ದೋಸೆ ಕಾವಲಿ ಥರ ಜಾರುತ್ತೆ! ಹೋಗಿ ಹೇಳು ನಿಮ್ಮಮ್ಮಂಗೆ!"

"ನಾನು ಹೇಳ್ಬೇಕಾ? ಹಬ್ಬದ ದಿನ, ನಾಳೆ ಊರಿಗೆ ಹೊರಟಿರೋ ಅಮ್ಮಂಗೆ, ನೀನು ಪೂಜೆ ಮಾಡಿ ಅಳಿಯನ ಕಾರು ಹಾಳುಮಾಡಿದೆ ಅಂತ? ಕೈಯಾರೆ ಅಂತ ಕೂಗಿದ್ದು ಯಾರು? ನೀವೇ ಹೇಳಿ."

ಅವನು ಹಾಲ್‌ಗೆ ಹೋದ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದರು. ಹೇಳಿದರೆ ನೊಂದುಕೊಳ್ಳುತ್ತಾರೆ, ನೊಂದುಕೊಂಡವರು ಗೋಪಿನಾಥನ ಕಾರು ಹತ್ತುತ್ತಾರೆ. ಹೇಳದಿದ್ದರೆ ಕಾರೇ ಹೊರಡುವುದಿಲ್ಲ. ಆಗಲೂ ಗೋಪಿನಾಥನ ಕಾರೇ ಗತಿ. ಅವನು ಮತ್ತೆ ಲಿಫ್ಟಿಗೆ ಓಡಿದ. ಸದ್ಯಕ್ಕೆ ಹಳೆ ಪ್ಯಾಡನ್ನೇ ಹಾಕಿ ಚಕ್ರ ಸಿಕ್ಕಿಸಿಬಿಡೋಣ, ಪೂಜೆ ಮುಗಿಯಲಿ, ಆಮೇಲೆ ನೋಡೋಣ ಎಂಬುದು ಅವನ ಯೋಚನೆ.

ಸ್ಪ್ಯಾನರ್ ಕೈಗೆತ್ತಿಕೊಂಡಿದ್ದ ಅಷ್ಟೆ. ಕಾಂಡೋದ ಸೆಕ್ಯುರಿಟಿ ಅಂಕಲ್ ಅಮನ್ ಕಂಬದ ಮರೆಯಿಂದ ಬಂದರು. ಅರವತ್ತು ದಾಟಿದ ಮಲಯ್ ಮನುಷ್ಯ, ನಿಯಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

"ಸರ್, ಹಿಯರ್ ರಿಪೇರ್ ಕೆನಾಟ್ ಲಾ," ಎಂದರು. ಇಲ್ಲಿ ರಿಪೇರಿ ಕೂಡದು, ಮಾಡಿದರೆ ಹಿಂದಿನ ಚಕ್ರಕ್ಕೆ ಬೀಗ ಹಾಕಬೇಕಾಗುತ್ತದೆ ಎಂದು ಹಳದಿ ಬೀಗವನ್ನೂ ತೋರಿಸಿದರು. ಹಾಕಲು ಬಗ್ಗಿ ನೋಡಿದರೆ ಚಕ್ರವೇ ಇಲ್ಲ. ಈ ಸಂದರ್ಭಕ್ಕೆ ಅವರ ಪುಸ್ತಕದಲ್ಲಿ ನಿಯಮವಿರಲಿಲ್ಲ. ಬೀಗ ಹಿಡಿದುಕೊಂಡು ಅಲ್ಲೇ ನಿಂತರು.

ಅದೇ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆಯಿತು. ಹೊಸ ರೇಷ್ಮೆ ಸೀರೆಯಲ್ಲಿ ಅತ್ತೆ, ಅವರ ಕೈಯಲ್ಲಿ ಪೂಜೆ ತಟ್ಟೆ, ನಾಲ್ಕು ನಿಂಬೆಹಣ್ಣು. ಹಿಂದೆ ಭಾನುಮತಿ, ಬೂದುಗುಂಬಳ ಹೊತ್ತುಕೊಂಡು. ಅತ್ತೆ ಮುಂದಿನ ಎರಡು ಚಕ್ರಕ್ಕೆ ಎರಡು ನಿಂಬೆಹಣ್ಣು ಇಟ್ಟರು. ಹಿಂದಕ್ಕೆ ಬಂದರು. ಕೈಯಲ್ಲಿ ಎರಡು ನಿಂಬೆಹಣ್ಣು ಉಳಿಯಿತು.

"ಅಳಿಯಂದ್ರೇ, ಇಲ್ಲಿದ್ದ ಚಕ್ರ?"

ಈ ಕಡೆ ಅತ್ತೆ, ಆ ಕಡೆ ಬೀಗ. ಮನುಷ್ಯನಿಗೆ ಬುದ್ಧಿ ಓಡುವುದು ಇಂಥ ಹೊತ್ತಿನಲ್ಲೇ, ಅದೂ ತಪ್ಪು ದಾರಿಯಲ್ಲಿ.

"ಪೂಜೆಗೆ ಅಂತಾನೇ ಬಿಚ್ಚಿದೀನಿ ಅತ್ತೆ," ಎಂದ ದ್ವಾರಕನಾಥ. "ಬರೀ ಬಾನೆಟ್ಟಿಗೆ ಕುಂಕುಮ ಇಟ್ರೆ ಏನು ಪೂಜೆ? ಒಳಗಿನ ಭಾಗಕ್ಕೂ ಸಲ್ಲಬೇಕು ಅಂತ." ಅಮನ್ ಕಡೆ ತಿರುಗಿ, "ನೋ ರಿಪೇರ್ ಅಂಕಲ್. ದಿಸ್ ಈಸ್ ಪ್ರೇಯರ್. ವೆರಿ ಓಲ್ಡ್ ಕಸ್ಟಮ್."

ಅತ್ತೆ ಅಳಿಯನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣಂಚು ಒರೆಸಿಕೊಂಡರು.

"ಮೂವತ್ತು ವರ್ಷ ಡಿಪೋದ ಪೂಜೆ ನೋಡಿದೀನಿ. ಇಷ್ಟು ಭಕ್ತಿ ಯಾರಿಗೂ ಬಂದಿರ್ಲಿಲ್ಲ. ಭಾನು, ಗೋಪಿನಾಥ್ ಅವರಿಗೆ ಫೋನ್ ಮಾಡು. ಅವರೂ ಚಕ್ರ ಬಿಚ್ಚಿ ಪೂಜೆ ಮಾಡ್ಲಿ."

ಫೋನಿನಲ್ಲಿ ಗೋಪಿನಾಥ ಏನು ಹೇಳಿದನೋ ಕೇಳಿಸಲಿಲ್ಲ. ಅತ್ತೆ ಮಾತ್ರ, "ಎರಡೇ ಸಾಕು. ಹಿಂದಿನದು ಅಷ್ಟೆ," ಎಂದು ಫೋನ್ ಇಟ್ಟರು.

ಅಮನ್ ಬೀಗ ಒಳಗಿಟ್ಟು ಫಾರಂ ತಂದರು. ಕಾಂಡೋದಲ್ಲಿ ಧಾರ್ಮಿಕ ಕಾರ್ಯಕ್ರಮಕ್ಕೆ ಅಡ್ಡಿಯಿಲ್ಲ, ಫಾರಂ ತುಂಬಬೇಕು. ಎಷ್ಟು ಜನ? ಬೆಂಕಿ ಉಂಟೋ? ಮುಗಿಯುವ ವೇಳೆ? ಬೆಂಕಿ ಕೂಡದೆಂದು ಮಂಗಳಾರತಿಯನ್ನು ಬ್ಯಾಟರಿ ದೀಪದಲ್ಲಿ ಎತ್ತಲಾಯಿತು. ನೆಲ ಕೊಳೆಯಾಗಬಾರದೆಂದು ಬೂದುಗುಂಬಳವನ್ನು ಬಕೆಟ್ಟಿನೊಳಗೆ ಒಡೆಯಲಾಯಿತು. ಬಕೆಟ್ಟೇ ಮೊದಲು ಒಡೆಯಿತು. ಮುಗಿಯುವ ವೇಳೆಯನ್ನು ಅತ್ತೆಯೇ ಹೇಳಿದರು: ನಾಳೆ ಬೆಳಿಗ್ಗೆ ಹತ್ತು ಗಂಟೆ. ಅಷ್ಟು ಹೇಳಿ ಜಾಕಿಗೆ, ಸ್ಪ್ಯಾನರುಗಳಿಗೆ, ಬಿದ್ದಿದ್ದ ಹಳೆ ಪ್ಯಾಡುಗಳಿಗೂ ಕುಂಕುಮ ಇಟ್ಟರು. "ಇನ್ನು ನಾಳೆವರೆಗೆ ಯಾರೂ ಇದನ್ನ ಮುಟ್ಟೋ ಹಾಗಿಲ್ಲ."

ಅಮನ್ ಅಂಕಲ್ ಭಕ್ತಿಯಿಂದ ಸುತ್ತಲೂ ಕಿತ್ತಳೆ ಬಣ್ಣದ ಕೋನುಗಳನ್ನಿಟ್ಟು ಕುರ್ಚಿ ಹಾಕಿಕೊಂಡು ಕಾವಲು ಕೂತರು.

ಪರಿಸ್ಥಿತಿಯನ್ನು ಓದುಗರು ಒಮ್ಮೆ ಶಾಂತವಾಗಿ ನೋಡಬೇಕು, ಏಕೆಂದರೆ ದ್ವಾರಕನಾಥನಿಗೆ ಅದು ಆಗುತ್ತಿರಲಿಲ್ಲ. ಹೊಸ ಪ್ಯಾಡು ತುಪ್ಪದಲ್ಲಿದೆ. ಹಳೆ ಪ್ಯಾಡು ಪೂಜೆಯಲ್ಲಿದೆ. ಸ್ಪ್ಯಾನರ್ ಮುಟ್ಟಿದರೆ ಅತ್ತೆಯ ಕಣ್ಣಿಗೆ ಅಪಚಾರ, ಕಾಂಡೋದವರ ಕಣ್ಣಿಗೆ ರಿಪೇರಿ. ನಾಳೆ ಮಧ್ಯಾಹ್ನ ಮೂರಕ್ಕೆ ವಿಮಾನ.

ಅವತ್ತು ಅವನು ಎಂಟನೇ ಮಹಡಿಗೂ ಬೇಸ್‌ಮೆಂಟಿಗೂ ಹತ್ತೊಂಬತ್ತು ಸಲ ಓಡಾಡಿದ. ಪ್ರತಿ ಸಲ ಹೋದಾಗಲೂ ಕೋನುಗಳ ಆಚೆ ಜನ ಹೆಚ್ಚಾಗಿದ್ದರು. ಪಕ್ಕದ ಮನೆಯ ಮಿಸೆಸ್ ಕ್ವೆಕ್ ಎರಡು ಕಿತ್ತಳೆಹಣ್ಣು ತಂದು ಚಕ್ರವಿಲ್ಲದ ಜಾಗದಲ್ಲಿಟ್ಟು, ನಮಸ್ಕಾರ ಮಾಡಿ, ಲಾಟರಿಗೆಂದು ಕಾರಿನ ನಂಬರು ಬರೆದುಕೊಂಡು ಹೋದರು. ಮೂರನೇ ಮಹಡಿಯ ತಮಿಳರೊಬ್ಬರು, "ನಮ್ಮೂರಲ್ಲಿ ಹೀಗೆ ಮಾಡಲ್ಲವಲ್ಲ?" ಎಂದು ಅನುಮಾನದಿಂದ ಕೇಳಿದರು. "ಮೈಸೂರ್ ಸ್ಟೈಲ್," ಎಂದ ದ್ವಾರಕನಾಥ. ಅವರು ತಮ್ಮ ಕಾರಿನ ಕಡೆ ಯೋಚನೆ ಮಾಡುತ್ತಾ ನಡೆದರು. ಅಮನ್ ಅವರನ್ನು ಅಲ್ಲೇ ತಡೆದು ಫಾರಂ ಕೊಟ್ಟರು.

ಸಂಜೆ ಗೋಪಿನಾಥನ ಫೋನು ಬಂತು. ದನಿಯಲ್ಲಿ ಆ ಪ್ರೀತಿ ಇರಲಿಲ್ಲ.

"ನಿಜ ಹೇಳೋ ದ್ವಾರಕಾ. ಏನು ನಡೀತಿದೆ ಅಲ್ಲಿ? ಒಂದು ಗಂಟೆಯಿಂದ ಜಾಕಿ ಎಲ್ಲಿಡೋದು ಅಂತ ಹುಡುಕಿ, ಬೆನ್ನು ಹಿಡ್ಕೊಂಡು ಚಕ್ರ ಬಿಚ್ಚಿದೀನಿ. ರಜನಿ ವಿಡಿಯೋ ಮಾಡಿ ಅತ್ತೆಗೆ ಕಳಿಸಿದಾಳೆ."

ದ್ವಾರಕನಾಥ ಎಲ್ಲವನ್ನೂ ಹೇಳಿಬಿಟ್ಟ. ತುಪ್ಪವನ್ನೂ ಹೇಳಿದ, ಟಿಕೆಟ್ಟಿನ ತಿಂಗಳನ್ನೂ ಹೇಳಿದ. "ಭಾವ, ಅತ್ತೆ ಒಂದೇ ಒಂದು ಸಲ ಹಿಡಿ ಬಿಟ್ಟು ನನ್ನ ಕಾರಲ್ಲಿ ಕೂರ್ಬೇಕು. ಅಷ್ಟೇ ನನ್ನಾಸೆ," ಎಂದ.

"ನಮ್ಮ ವರ್ಕ್‌ಶಾಪಿನ ಶೀನ ಅಂತಿದಾನೆ," ಎಂದ ಗೋಪಿನಾಥ. "ಉಡುಪಿಯವನು. ಹೊಸ ಪ್ಯಾಡು, ಅವನದೇ ಟೂಲ್ಸು ತರ್ತಾನೆ. ಆದ್ರೆ ನಿಮ್ಮ ಬೇಸ್‌ಮೆಂಟಲ್ಲಿ ರಿಪೇರಿ ಮಾಡಂಗಿಲ್ವಲ್ಲ?"

"ಪೂಜೆ ಮಾಡಬಹುದು," ಎಂದ ದ್ವಾರಕನಾಥ.

ವಿಜಯದಶಮಿಯ ಬೆಳಿಗ್ಗೆ ಒಂಬತ್ತಕ್ಕೆ ಶೀನ ಬಂದ. ಬಿಳಿ ಪಂಚೆ, ಹೆಗಲಿಗೆ ಶಾಲು, ಹಣೆಗೆ ಗಂಧ, ಕೈಯಲ್ಲಿ ಹೂವು ತುಂಬಿದ ಚೀಲ. ಚೀಲ ನೆಲಕ್ಕಿಟ್ಟಾಗ ಹೂವಿಗೆ ಮೀರಿದ ಸದ್ದಾಯಿತು. ಅಮನ್ ಎದ್ದು ನಿಂತು ಫಾರಮ್ಮಿನಲ್ಲಿ ಒಬ್ಬರನ್ನು ಹೆಚ್ಚಿಸಿಕೊಂಡರು. ಮಿಸೆಸ್ ಕ್ವೆಕ್ ಕೈ ಮುಗಿದರು.

ಶೀನ ಕಾರಿನ ಪಕ್ಕ ಪದ್ಮಾಸನ ಹಾಕಿ ಕೂತ. ಎರಡು ಹೂವು ಹಾಕಿದ, ಹದಿನಾಲ್ಕು ನಂಬರಿನ ಸ್ಪ್ಯಾನರ್ ತೆಗೆದ. "ಹದಿನಾಲ್ಕಾಯ ನಮಃ," ಎಂದ ಗಂಭೀರವಾಗಿ. ಅದು ಸೇರಲಿಲ್ಲ. "ಹದಿಮೂರಾಯ ನಮಃ." ಸೇರಿತು. ದ್ವಾರಕನಾಥ ಗಂಟೆ ಬಾರಿಸುತ್ತಾ ನಿಂತ. ಬೋಲ್ಟು ಕಿರುಗುಟ್ಟಿದಾಗಲೆಲ್ಲ ಜೋರಾಗಿ ಬಾರಿಸಬೇಕೆಂದು ಒಪ್ಪಂದವಾಗಿತ್ತು. ಬಲಗಡೆ ಮುಗಿಯಿತು. ಎಡಗಡೆ ಅರ್ಧವಾಯಿತು. ಅತ್ತೆ ಈ ಹೊತ್ತಿಗೆ ಟಿವಿಯಲ್ಲಿ ಧಾರಾವಾಹಿಯ ಹಳೆ ಕಂತು ನೋಡುತ್ತಿರುತ್ತಾರೆಂಬ ಧೈರ್ಯ.

ಲಿಫ್ಟಿನ ಬಾಗಿಲು ತೆರೆಯಿತು. ಅತ್ತೆ ನೇರ ಬಂದು ಶೀನನ ಹಿಂದೆ ನಿಂತು, ಕೈ ಕಟ್ಟಿಕೊಂಡು ನೋಡಿದರು. ಬೋಲ್ಟು ಸುಮ್ಮನಿದ್ದರೂ ದ್ವಾರಕನಾಥ ಗಂಟೆಯನ್ನು ಜೋರಾಗಿ ಬಾರಿಸಿದ.

"ಶಾಸ್ತ್ರಿಗಳೇ," ಎಂದರು ಅತ್ತೆ, "ಪಿನ್ನಿಗೆ ಗ್ರೀಸ್ ಹಾಕಿದ್ರಾ? ಪಿನ್ನಿಗೆ ಮಾತ್ರ ಹಾಕಿ. ಪ್ಯಾಡಿಗೆ ತಗುಲಿಸ್ಬೇಡಿ."

ಶೀನನ ಕೈಯಿಂದ ಸ್ಪ್ಯಾನರ್ ಜಾರಿತು. "ಆಯ್ತಮ್ಮಾ," ಎಂದ, ಮೇಷ್ಟರ ಮುಂದೆ ನಿಂತವನ ಹಾಗೆ.

ದ್ವಾರಕನಾಥ ಗಂಟೆ ಕೆಳಗಿಟ್ಟ. "ಅತ್ತೆ... ನಿಮಗೆ..."

"ನಿಮ್ಮ ಮಾವ ಡಿಪೋದಲ್ಲಿ ಏನು ಮಾಡ್ತಿದ್ರು ಅಂದ್ಕೊಂಡ್ರಿ? ಟಿಕೆಟ್ ಹರೀತಿದ್ರಾ? ಮೂವತ್ತು ವರ್ಷ ಬಸ್ಸಿನ ಬ್ರೇಕ್ ಬಿಚ್ಚಿ ಹಾಕಿದವರು. ಮನೇಲಿ ಊಟಕ್ಕೆ ಕೂತ್ರೂ ಅದೇ ಮಾತು. ಬ್ರೇಕಿನ ಲೈನರಿಗೆ ಜಿಡ್ಡು ತಗುಲಿದ್ರೆ ಗಾಡಿ ನಿಲ್ಲಲ್ಲ ಅಂತ ನನಗೆ ಗೊತ್ತಿಲ್ವಾ ಅಳಿಯಂದ್ರೇ? ಅದಕ್ಕೇ ಸವರಿದ್ದು."

"ಬೇಕಂತಲೇ ಸವರಿದ್ರಾ?"

"ಮತ್ತೆ? ನನ್ನ ಮಗಳು ದಿನಾ ಕೂರೋ ಕಾರಿಗೆ ನೀವು ಫೋನ್ ನೋಡ್ಕೊಂಡು ಬ್ರೇಕ್ ಹಾಕೋದನ್ನ ನೋಡ್ತಾ ಕೂತಿರ್ಲಾ? ಬೇಡ ಅಂದ್ರೆ ನೀವು ಕೇಳ್ತಿದ್ರಾ? ಕೈಯಾರೆ ಅಂತ ಹಪ್ಪಳ ಎತ್ತಿಬಿಟ್ಟಿದ್ರಿ."

ದ್ವಾರಕನಾಥನ ಮುಖ ಸಪ್ಪಗಾಯಿತು. ಹನ್ನೊಂದು ವರ್ಷದ್ದೆಲ್ಲ ಒಟ್ಟಿಗೆ ಬಂದು ಅವನಿಗೆ ನಿಜಕ್ಕೂ ನೋವಾಯಿತು. "ಅಂದ್ರೆ ನನ್ನ ಮೇಲೆ ನಿಮಗೆ ಇವತ್ತಿಗೂ ನಂಬಿಕೆ ಇಲ್ಲ," ಎಂದ.

"ನಂಬಿಕೆ ಇಲ್ದೇ ಇದ್ರೆ ಪ್ಯಾಡು ಬಚ್ಚಿಡ್ತಿದ್ದೆ," ಎಂದರು ಅತ್ತೆ. "ತುಪ್ಪ ಸವರಿ ಬಿಟ್ಟೆ ಯಾಕೆ? ನೀವು ನೋಡೇ ನೋಡ್ತೀರಿ, ನೋಡಿದ ಮೇಲೆ ಹಾಕಲ್ಲ ಅಂತ ಗೊತ್ತಿತ್ತು. ಅರ್ಧ ಕೆಲಸ ನೆಟ್ಟಗೇ ಮಾಡಿದೀರಿ. ನಿನ್ನೆ ಬಂದಾಗಲೇ ನೋಡಿದೆ, ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟಿದ್ರಿ. ನಿಮ್ಮ ಮಾವನೂ ಮೊದಲು ಅದನ್ನೇ ಮಾಡ್ತಿದ್ದದ್ದು."

ದ್ವಾರಕನಾಥ ಮತ್ತೆ ಗಂಟೆ ಎತ್ತಿಕೊಂಡ. ಅಷ್ಟರಲ್ಲಿ ಒಂದು ಅನುಮಾನ ಬಂತು. "ಹಾಗಾದ್ರೆ ಭಾವನ ಕೈಲಿ ಚಕ್ರ ಬಿಚ್ಚಿಸಿದ್ದು ಯಾಕೆ?"

"ಇಬ್ಬರು ಅಳಿಯಂದಿರಲ್ಲಿ ಒಬ್ಬರೇ ಯಾಕೆ ನಗೆಪಾಟಲಾಗ್ಬೇಕು?" ಎಂದು ಅತ್ತೆ ಲಿಫ್ಟಿನ ಕಡೆ ಹೊರಟರು.

ಹತ್ತಕ್ಕೆ ಸರಿಯಾಗಿ ಚಕ್ರಗಳು ಕೂತವು. ಶೀನ ಕಾಂಡೋದೊಳಗೇ ಎರಡು ಸುತ್ತು ಓಡಿಸಿ ನೋಡಿ ತಲೆ ಆಡಿಸಿದ. ಅಮನ್ ಫಾರಮ್ಮಿಗೆ ಸಹಿ ಹಾಕಿಸಿಕೊಂಡು, ಕೋನುಗಳನ್ನು ಎತ್ತಿಟ್ಟು, ಶಾಸ್ತ್ರಿಗಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: ತಮ್ಮ ಮೋಟರ್‌ಸೈಕಲ್ಲಿಗೂ ಇದೇ ಪೂಜೆ ಆಗಬೇಕು, ಅದರ ಹಿಂದಿನ ಬ್ರೇಕೂ ಸರಿಯಾಗಿ ಹಿಡಿಯುತ್ತಿಲ್ಲ.

ಹನ್ನೊಂದೂವರೆಗೆ ಎರಡೂ ಕಾರು ಸೆಂಬವಾಂಗಿನಿಂದ ಹೊರಡಲು ನಿಂತವು. ಅತ್ತೆಯನ್ನು ಬೀಳ್ಕೊಡಲು ಬಂದಿದ್ದ ಗೋಪಿನಾಥ, ರಜನಿ ತಮ್ಮ ಕಾರಿನಲ್ಲಿ ಹಿಂದೆ. ಗೋಪಿನಾಥ ತನ್ನ ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದು ನಿಂತಿದ್ದ. ಅತ್ತೆ ಅವನ ಬೆನ್ನು ತಟ್ಟಿ, ಮುಂದೆ ನಡೆದು, ದ್ವಾರಕನಾಥನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ತುಪ್ಪದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದರು.

ಅದೇ ಸಿಗ್ನಲ್ ಬಂತು. ಕೆಂಪು ದೀಪ. ದ್ವಾರಕನಾಥ ಉಸಿರು ಬಿಗಿಹಿಡಿದು ಬ್ರೇಕ್ ಒತ್ತಿದ. ಕಾರು ಸದ್ದಿಲ್ಲದೆ ನಿಂತಿತು. ಬಸ್ ಸ್ಟಾಪಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಅವನು ಓರೆಗಣ್ಣಿನಲ್ಲಿ ನೋಡಿದ. ಅತ್ತೆಯ ಕೈ ಡಬ್ಬಿಯ ಮೇಲೆಯೇ ಇತ್ತು, ಕಾಲು ಸುಮ್ಮನಿತ್ತು. ಹನ್ನೊಂದು ವರ್ಷದಲ್ಲಿ ಅವನಿಗೆ ಇಷ್ಟು ಸುಖವಾದ ಕೆಂಪು ದೀಪ ಸಿಕ್ಕಿರಲಿಲ್ಲ.

ಅತ್ತೆ ಕನ್ನಡಿಯಲ್ಲಿ ಹಿಂದೆ ನೋಡಿದರು. ಗೋಪಿನಾಥನ ಕಾರು ಬೆನ್ನಿಗೇ ಬಂದು ನಿಂತಿತ್ತು.

"ಅಳಿಯಂದ್ರೇ, ಅವರ ಕಾರಿನ ಚಕ್ರ ವಾಪಸ್ ಹಾಕಿದ್ದು ಶೀನನೇ ತಾನೆ?"

"ಇಲ್ಲ ಅತ್ತೆ. ಶೀನ ಇಲ್ಲಿದ್ನಲ್ಲ. ಭಾವನೇ ಹಾಕಿದ್ರಂತೆ. ಕೈಯಾರೆ."

ಅತ್ತೆ ಒಂದು ಕೈಯನ್ನು ಡಬ್ಬಿಯಿಂದ ತೆಗೆದು ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಸಿರು ಬಂತು," ಎಂದರು. "ಸ್ವಲ್ಪ ಜೋರಾಗಿ ಹೋಗಿ. ಅವರು ನಮ್ಮಿಂದ ದೂರ ಇರ್ಲಿ."